‘ಸ್ವಲ್ಪ ಲೂಸಾಗಿರಲಿ’ ಅಂದರೆ ಎಷ್ಟು ಸೆಂಟಿಮೀಟರ್? ಹೊಸ ಬಟ್ಟೆ ಬ್ರ್ಯಾಂಡಿನವರು ಟೆಕ್ ಪ್ಯಾಕ್ ಮಾಡುವ ಬಗೆ

ಹಾಸನದಲ್ಲಿ ನಾನು ಅಂಗಿ ಹೊಲಿಸುವ ಟೈಲರ್ ಹತ್ತಿರ ವರ್ಷಗಳಿಂದ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. "ಹೋದ ಸಲದ ಹಾಗೇ, ಆದರೆ ಸ್ವಲ್ಪ ಲೂಸಾಗಿರಲಿ." ಅವರು ತಲೆಯಾಡಿಸುತ್ತಾರೆ. ಅಂಗಿ ಸರಿಯಾಗಿಯೇ ಬರುತ್ತದೆ. ಅವರಿಗೆ ನನ್ನ ಹೊಟ್ಟೆ ಗೊತ್ತು. ನನ್ನ ‘ಸ್ವಲ್ಪ’ ಎಷ್ಟು ಅಂತಲೂ ಗೊತ್ತು.

ಸ್ವಂತ ಬ್ರ್ಯಾಂಡ್ ಶುರು ಮಾಡಿ, ಮೊದಲ 100 ಅಂಗಿಗೆ ಬೆಂಗಳೂರಿನ ಒಂದು ಘಟಕಕ್ಕೆ ಆರ್ಡರ್ ಕೊಟ್ಟಾಗಲೂ ಇದೇ ಭಾಷೆಯಲ್ಲಿ ಮಾತಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೋ, ಒಂದು ವಾಯ್ಸ್ ನೋಟ್, ಕೊನೆಗೆ "ಲೆಂತ್ 70, ಕ್ರೀಮ್ ಕಲರ್, ಒಳ್ಳೇ ಕಾಟನ್" ಎಂಬ ಒಂದು ಸಾಲು. ಬಂದ ಅಂಗಿಗಳು 2 ಸೆಂ.ಮೀ. ಉದ್ದ ಇದ್ದವು. ಕ್ರೀಮ್ ಹೋಗಿ ಬೆಣ್ಣೆ ಬಣ್ಣ ಆಗಿತ್ತು. ಒಂದು ಸಲ ಒಗೆದ ಮೇಲೆ ಎದೆಯ ಹತ್ತಿರ ಬಿಗಿ. ಜಗಳಕ್ಕೆ ಅಂತಲೇ ಹೋದೆ. ಅಲ್ಲಿನ ಮಾಸ್ಟರ್ ಮಾತಾಡದೆ ಟೇಪ್ ತೆಗೆದು, ಹಿಂದಿನ ಕುತ್ತಿಗೆಯ ನಡು ಹೊಲಿಗೆಯಿಂದ ಅಳೆದು ತೋರಿಸಿದರು. ಸರಿಯಾಗಿ 70. ನಾನು ಅಂದುಕೊಂಡಿದ್ದು ಭುಜದ ಹೊಲಿಗೆ ಕಾಲರಿಗೆ ಸೇರುವ ಜಾಗದಿಂದ. ಎಲ್ಲಿಂದ ಅಳೆಯಬೇಕು ಅಂತ ನಾನು ಬರೆದೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ.

ಟೈಲರ್ ಅಂಗಡಿಯಲ್ಲಿ ಅಳೆಯುವವರು, ಕತ್ತರಿಸುವವರು, ಹೊಲಿಯುವವರು ಬಹುತೇಕ ಒಬ್ಬರೇ. ಅಲ್ಲಿ ಬಾಯಿ ಮಾತು ಸಾಕು. ಫ್ಯಾಕ್ಟರಿಯಲ್ಲಿ ನಿಮ್ಮ ಹತ್ತಿರ ಮಾತಾಡುವವರು ಮರ್ಚಂಡೈಸರ್. ಪ್ಯಾಟರ್ನ್, ಅಂದರೆ ಕತ್ತರಿಸಲು ಬೇಕಾದ ಕಾಗದದ ಅಚ್ಚು, ತೆಗೆಯುವವರು ಬೇರೆ. ಲೇ ಹಾಕಿ, ಅಂದರೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕತ್ತರಿಸುವವರು ಬೇರೆ. ಜೇಬು ಹೊಲಿಯುವ ಹೆಂಗಸು ಕಾಲರ್ ಮುಟ್ಟುವುದೇ ಇಲ್ಲ. ಇಷ್ಟೂ ಜನಕ್ಕೆ ನಿಮ್ಮ ಮನಸ್ಸಿನಲ್ಲಿರುವ ಅಂಗಿ ತಲುಪಬೇಕು. ಅದಕ್ಕೆ ಇರುವುದೇ ಟೆಕ್ ಪ್ಯಾಕ್. ಬಟ್ಟೆಯ ಚಿತ್ರ, ಅಳತೆ, ಸಾಮಾನು, ಹೊಲಿಗೆ, ಬಣ್ಣ, ಪ್ಯಾಕಿಂಗ್ ಎಲ್ಲ ಬರೆದಿಟ್ಟ ಏಳೆಂಟು ಪುಟದ ಒಂದು ಫೈಲ್. ನಿಮ್ಮ ಬಾಯಲ್ಲಿರುವ ಪ್ರತಿ ‘ಸ್ವಲ್ಪ’ವನ್ನೂ ಅಂಕಿ ಮಾಡುವ ಕೆಲಸ ಅದು.

ಈ ಬರಹದ ಉದ್ದಕ್ಕೂ ಒಂದೇ ಬಟ್ಟೆ ಹಿಡಿದುಕೊಂಡು ಹೋಗುತ್ತೇನೆ. ಓಪನ್ ಕಾಲರಿನ ಹಾಫ್ ಶರ್ಟ್, ಕಾಟನ್, ಜೇಬಿನ ಮೇಲೆ ಸಕಲೇಶಪುರದ ಕಾಫಿ ಹೂವಿನ ಎಂಬ್ರಾಯ್ಡರಿ, ತೆಂಗಿನ ಚಿಪ್ಪಿನ ಗುಂಡಿ. ಕುರ್ತಾ, ಟೀ ಶರ್ಟ್, ಲಂಗ ಯಾವುದೇ ಆದರೂ ದಾರಿ ಇದೇ.

ಕಾಗದಕ್ಕೆ ಮೊದಲು ಒಂದು ಅಂಗಿ

ಬರೆಯಲು ಕೂರುವ ಮೊದಲು ಕೈಯಲ್ಲಿ ಒಂದು ಬಟ್ಟೆ ಇರಲಿ. ಬರೀ ಚಿತ್ರ ನೋಡಿ ಅಳತೆ ಬರೆದರೆ ತಪ್ಪುತ್ತದೆ. ನಿಮ್ಮ ಊರಿನ ಟೈಲರ್ ಹತ್ತಿರ ಒಂದು ಸ್ಯಾಂಪಲ್ ಹೊಲಿಸಿ. ಅಥವಾ ನಿಮಗೆ ಇಷ್ಟವಾದ ಫಿಟ್ ಇರುವ ಹಳೆಯ ಅಂಗಿ ತೆಗೆದುಕೊಳ್ಳಿ. ಯಾವುದು ಹಾಗೇ ಇರಬೇಕು, ಯಾವುದು ಬದಲಾಗಬೇಕು ಅಂತ ಅದರ ಮೇಲೆಯೇ ಗುಂಡುಪಿನ್ನಿನಿಂದ ಗುರುತು ಹಾಕಿ.

ಆಮೇಲೆ ಅದನ್ನು ಒಬ್ಬರಿಗೆ ತೊಡಿಸಿ. ನಾನು ನನ್ನ ಭಾವಮೈದನನ್ನು ಹಿಡಿದೆ. ಅವನ ಎದೆ ಸುತ್ತಳತೆ 98 ಸೆಂ.ಮೀ. ಅವನೇ ನನ್ನ ‘ಎಂ’ ಸೈಜ್. ಕೈ ಎತ್ತಿಸಿ, ಬೈಕ್ ಮೇಲೆ ಕೂರಿಸಿ ನೋಡಿದೆ. ಅವನಿಗೆ ಆರಾಮವಾದ ಅಂಗಿಯ ಎದೆ ಸುತ್ತಳತೆ 108 ಬಂತು. ಮೈಗೂ ಬಟ್ಟೆಗೂ ನಡುವಿನ ಈ 10 ಸೆಂ.ಮೀ.ಗೆ ಈಸ್ ಎನ್ನುತ್ತಾರೆ. ನನ್ನ ‘ಸ್ವಲ್ಪ ಲೂಸ್’ ಎಂಬುದು ಅಂಕಿಯಾಗಿದ್ದು ಅವತ್ತು. ಒಂದು ಎಚ್ಚರ: ಟೆಕ್ ಪ್ಯಾಕ್‌ನಲ್ಲಿ ಬರೆಯುವುದು ಬಟ್ಟೆಯ ಅಳತೆ, ಮೈ ಅಳತೆ ಅಲ್ಲ. ಅಲ್ಲಿ 98 ಎಂದು ಬರೆದರೆ ಗುಂಡಿಯೇ ಹಾಕಲಾಗದ ಅಂಗಿ ಬರುತ್ತದೆ.

ಮೊದಲ ಪುಟ ಮತ್ತು ಚಿತ್ರ

ಮೊದಲ ಪುಟದಲ್ಲಿ ಜಾಸ್ತಿ ಏನೂ ಬೇಡ. ಬ್ರ್ಯಾಂಡ್ ಹೆಸರು, ಸ್ಟೈಲ್ ನಂಬರ್, ಬಟ್ಟೆ ಯಾವುದು ಎಂಬ ಒಂದು ಸಾಲು, ಯಾವ ಯಾವ ಸೈಜ್, ಸ್ಯಾಂಪಲ್ ಯಾವ ಸೈಜಿನಲ್ಲಿ ಬೇಕು, ಎಷ್ಟು ಪೀಸ್, ನಿಮ್ಮ ಫೋನ್. ಜೊತೆಗೆ ವರ್ಷನ್ ನಂಬರ್ ಮತ್ತು ತಾರೀಕು. ಈ ಕೊನೆಯ ಎರಡನ್ನು ಸುಮ್ನೆ ಅಂತ ಬಿಡಬೇಡಿ. ಮೂರು ಸಲ ತಿದ್ದಿದ ಮೇಲೆ ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಎಂಬ ಮೂರು ಫೈಲ್ ಮಾಸ್ಟರ್ ಮೊಬೈಲಿನಲ್ಲಿ ಇರುತ್ತವೆ. ಅವರು ಯಾವುದನ್ನು ತೆರೆಯುತ್ತಾರೋ ದೇವರಿಗೇ ಗೊತ್ತು. ಪ್ರತಿ ಪುಟದ ಮೇಲೂ ‘ವರ್ಷನ್ 3’ ಎಂದು ಬರೆಯಿರಿ. ಏನು ಬದಲಾಯಿತು ಎಂದು ಒಂದು ಸಾಲು ಸೇರಿಸಿ.

ಚಿತ್ರಕ್ಕೆ ಬರೋಣ. ಫ್ಯಾಷನ್ ಕಾಲೇಜಿನವರು ಬರೆಯುವ, ಉದ್ದ ಕಾಲಿನ ಹುಡುಗಿ ನಡೆದು ಬರುವ ಚಿತ್ರ ಇಲ್ಲಿ ಕೆಲಸಕ್ಕೆ ಬಾರದು. ಬೇಕಾಗಿರುವುದು ಫ್ಲಾಟ್ ಸ್ಕೆಚ್. ಅಂಗಿಯನ್ನು ಮೇಜಿನ ಮೇಲೆ ಹರವಿ ಮೇಲಿನಿಂದ ನೋಡಿದ ಹಾಗೆ, ಮುಂದೆ ಒಂದು, ಹಿಂದೆ ಒಂದು. ಬರೀ ಕಪ್ಪು ಗೆರೆ, ನೆರಳು ಬೇಡ. ಬಟ್ಟೆಯ ಅಂಚು ಪೂರ್ತಿ ಗೆರೆಯಲ್ಲಿ, ಹೊಲಿಗೆ ಚುಕ್ಕೆ ಗೆರೆಯಲ್ಲಿ. ಒಂದು ಚುಕ್ಕೆ ಗೆರೆ ಹಾಕಿದರೆ ಒಂದು ಹೊಲಿಗೆ, ಎರಡು ಹಾಕಿದರೆ ಡಬಲ್ ಹೊಲಿಗೆ. ಮಾಸ್ಟರ್‌ಗಳು ಹಾಗೆಯೇ ಓದುತ್ತಾರೆ. ಹಾಗಾಗಿ ಚೆಂದಕ್ಕೆ ಅಂತ ಎರಡನೇ ಗೆರೆ ಎಳೆಯಬೇಡಿ.

ಕಂಪ್ಯೂಟರಿನಲ್ಲಿ ಬರೆಯಲು ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ. ಫ್ಲೆಕ್ಸ್ ಬ್ಯಾನರ್ ಮಾಡುವವರ ಹತ್ತಿರ ಕೋರೆಲ್‌ಡ್ರಾ ಇರುತ್ತದೆ. ಅವರ ಪಕ್ಕ ಒಂದು ಗಂಟೆ ಕೂತರೂ ಕೆಲಸ ಆಗುತ್ತದೆ. ಅದೂ ಬೇಡ ಅಂದರೆ ಗ್ರಾಫ್ ಹಾಳೆ, ಸ್ಕೇಲು, ಕಪ್ಪು ಪೆನ್ನು ಸಾಕು. ಸ್ಪಷ್ಟವಾಗಿರಬೇಕು ಅಷ್ಟೇ.

ಜಾಸ್ತಿ ತಕರಾರು ಬರುವ ಜಾಗಗಳನ್ನು ದೊಡ್ಡದು ಮಾಡಿ ಬೇರೆ ಬರೆಯಿರಿ. ನಮ್ಮ ಅಂಗಿಯಲ್ಲಿ ಅವು ಮೂರು: ಕಾಲರ್ ತಿರುಗುವ ಜಾಗ, ಜೇಬಿನ ಮೂಲೆ, ಪಕ್ಕದ ಸೀಳು ಮುಗಿಯುವ ತುದಿ. ಪ್ರತಿಯೊಂದಕ್ಕೂ ಬಾಣದ ಗುರುತು ಹಾಕಿ ಎರಡು ಮಾತು ಬರೆಯಿರಿ. "ಜೇಬಿನ ಎರಡೂ ಮೇಲ್ಮೂಲೆಯಲ್ಲಿ ಬಾರ್‌ಟ್ಯಾಕ್." ಅಷ್ಟು ಸಾಕು. ಬಾರ್‌ಟ್ಯಾಕ್ ಅಂದರೆ ಮೂಲೆ ಹರಿಯದ ಹಾಗೆ ಒತ್ತಾಗಿ ಹಾಕುವ ಸಣ್ಣ ಗಟ್ಟಿ ಹೊಲಿಗೆ.

ಬಟ್ಟೆ: ‘ಒಳ್ಳೇ ಕಾಟನ್’ ಅಂತ ಒಂದು ಬಟ್ಟೆ ಇಲ್ಲ

ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಒಳ್ಳೇ ಕಾಟನ್ನೇ. ಟೆಕ್ ಪ್ಯಾಕ್‌ನಲ್ಲಿ ಹೀಗೆ ಬರೆಯಬೇಕು: 100% ಕಾಟನ್, ಪಾಪ್ಲಿನ್, 40 ಕೌಂಟ್ ನೂಲು, ಸುಮಾರು 120 ಜಿಎಸ್‌ಎಂ, ಅಗಲ 58 ಇಂಚು, ಮೊದಲೇ ಕುಗ್ಗಿಸಿದ್ದು. ಕೌಂಟ್ ಅಂದರೆ ನೂಲಿನ ಸಣ್ಣತನ. ಅಂಕಿ ಜಾಸ್ತಿಯಾದಷ್ಟೂ ನೂಲು ತೆಳ್ಳಗೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ.

ಅಂಗಡಿಯವರು ಹೇಳಿದ ಜಿಎಸ್‌ಎಂ ನಂಬಬೇಕಾಗಿಲ್ಲ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಕತ್ತರಿಸಿ. ಗುರುತಿನ ಚಿನ್ನದ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ಇಡಿಸಿ. 1.2 ಗ್ರಾಂ ಬಂದರೆ 100ರಿಂದ ಗುಣಿಸಿ, 120 ಜಿಎಸ್‌ಎಂ. ನಾನು ಮೊದಲ ಸಲ ಹೋದಾಗ ಅಂಗಡಿಯವರು ಬಟ್ಟೆ ಚೂರನ್ನೂ ನನ್ನನ್ನೂ ನೋಡಿ ನಕ್ಕರು. ಈಗ ಅವರೇ "ಇವತ್ತು ಎಷ್ಟು?" ಅಂತ ಕೇಳುತ್ತಾರೆ.

ಕುಗ್ಗುವ ಪರೀಕ್ಷೆಯನ್ನಂತೂ ತಪ್ಪಿಸಲೇಬೇಡಿ. 60 ಸೆಂ.ಮೀ. ಚೌಕದ ತುಂಡಿನ ಮೇಲೆ ಒಳಗಡೆ 50 ಸೆಂ.ಮೀ. ಚೌಕವನ್ನು ಅಳಿಸಿಹೋಗದ ಪೆನ್ನಿನಿಂದ ಬರೆಯಿರಿ. ಉದ್ದದ ನೂಲು ಯಾವ ಕಡೆ ಎಂದು ಬಾಣ ಹಾಕಿ. ಗಿರಾಕಿ ಮನೆಯಲ್ಲಿ ಹೇಗೆ ಒಗೆಯುತ್ತಾರೋ ಹಾಗೇ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. ಉದ್ದಕ್ಕೆ 48 ಬಂದರೆ 4% ಕುಗ್ಗಿತು. ಈಗ ಲೆಕ್ಕ ನೋಡಿ. ಒಗೆದ ಮೇಲೂ ಅಂಗಿ 70 ಇರಬೇಕಾದರೆ, 70ನ್ನು 0.96ರಿಂದ ಭಾಗಿಸಿ ಸುಮಾರು 73ಕ್ಕೆ ಪ್ಯಾಟರ್ನ್ ತೆಗೆಯಬೇಕು. ಇಲ್ಲವೇ ಕತ್ತರಿಸುವ ಮೊದಲೇ ಬಟ್ಟೆ ಒಗೆಸಬೇಕು. ನಿಮ್ಮ ಅಳತೆಗಳು ‘ಒಗೆದ ನಂತರದ್ದು’ ಎಂದು ಅಳತೆ ಪುಟದ ತಲೆಯ ಮೇಲೇ ಬರೆಯಿರಿ. ನನ್ನ ಮೊದಲ ಅಂಗಿ ಎದೆಯಲ್ಲಿ ಬಿಗಿಯಾಗಿದ್ದು ಈ ಒಂದು ಸಾಲು ಇಲ್ಲದ್ದಕ್ಕೆ. ರೇಯಾನ್ ಆದರೆ ಇನ್ನೂ ಹುಷಾರು, ಅದು ಕಾಟನ್‌ಗಿಂತ ಜಾಸ್ತಿ ಕುಗ್ಗುವುದುಂಟು.

ಸಾಮಾನಿನ ಪಟ್ಟಿ

ಮದುವೆ ಮನೆಯ ಅಡುಗೆ ಸಾಮಾನಿನ ಚೀಟಿ ನೋಡಿದ್ದೀರಲ್ಲ, ಅದೇ ಇದು. ಕಾರ್ಖಾನೆಯವರು ಬಿಒಎಂ ಎನ್ನುತ್ತಾರೆ. ಒಂದು ಅಂಗಿಗೆ ಏನೇನು ಹೋಗುತ್ತದೆ, ಎಷ್ಟು, ಯಾವ ಬಣ್ಣ, ಎಲ್ಲಿ ಹಾಕಬೇಕು ಎಂದು ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ. ಬಟ್ಟೆ, ದಾರ, ಗುಂಡಿ, ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಅಂಟಿಸುವ ಫ್ಯೂಸಿಂಗ್, ಲೇಬಲ್, ಟ್ಯಾಗ್, ಕವರ್. ದಾರ ಎಂದರೆ ಬರೀ ದಾರ ಅಲ್ಲ. "ಪಾಲಿಯೆಸ್ಟರ್ ಕೋರ್ ಸ್ಪನ್, ಟಿಕೆಟ್ 120, ಬಟ್ಟೆಯ ಬಣ್ಣಕ್ಕೆ ಹೊಂದುವಂಥದ್ದು" ಎಂದು ಬರೆಯಿರಿ. ಕೋರ್ ಸ್ಪನ್ ಅಂದರೆ ನಡುವಿನ ಗಟ್ಟಿ ಎಳೆಗೆ ನಾರು ಸುತ್ತಿದ ದಾರ, ಟಿಕೆಟ್ ಅಂದರೆ ದಾರದ ಸಣ್ಣತನ ಹೇಳುವ ನಂಬರ್.

ಗುಂಡಿಯ ಸೈಜ್ ಹೇಳುವುದು ಲೈನ್ ಎಂಬ ಅಳತೆಯಲ್ಲಿ. 40 ಲೈನ್ ಸೇರಿದರೆ ಒಂದು ಇಂಚು. ಅಂಗಿಗೆ ಸಾಮಾನ್ಯವಾಗಿ ಹಾಕುವ 18 ಲೈನ್ ಗುಂಡಿಯ ಅಡ್ಡಗಲ ಸುಮಾರು 11.4 ಮಿ.ಮೀ. ಕಾಜಾ ಎಷ್ಟು ಉದ್ದ ಬೇಕು? ಅಡ್ಡಗಲಕ್ಕೆ ದಪ್ಪ ಸೇರಿಸಿ. ತೆಂಗಿನ ಚಿಪ್ಪಿನ ಗುಂಡಿ 3 ಮಿ.ಮೀ. ದಪ್ಪ ಇದ್ದರೆ ಕಾಜಾ 14.5 ಮಿ.ಮೀ. ಆಗಬೇಕು. ತೆಳು ಪ್ಲಾಸ್ಟಿಕ್ ಗುಂಡಿಯ ಲೆಕ್ಕದಲ್ಲಿ ಕಾಜಾ ಹಾಕಿದರೆ ಗುಂಡಿ ತೂರುವುದಿಲ್ಲ. ಅರಸೀಕೆರೆ ತೆಂಗಿನ ಸೀಮೆ ನಮ್ಮ ಜಿಲ್ಲೆಯದೇ ಅಲ್ವಾ, ಅದಕ್ಕೆ ಚಿಪ್ಪಿನ ಗುಂಡಿಯ ಆಸೆ ನನಗೆ. ಆದರೆ ಪದೇ ಪದೇ ಒಗೆದರೆ ಚಿಪ್ಪು ಬಣ್ಣ ಬಿಡಬಹುದು, ಸೀಳಬಹುದು. ಐದಾರು ಸಲ ಒಗೆದು ನೋಡಿದ ಮೇಲೆ ಪಟ್ಟಿಗೆ ಹಾಕಿ.

ಪಟ್ಟಿಯ ಕೊನೆಯಲ್ಲಿ ‘ಯಾರು ತರುವುದು’ ಎಂಬ ಕಾಲಂ ಇರಲೇಬೇಕು. ಕೆಲವು ಘಟಕದವರು ಬರೀ ಕತ್ತರಿಸಿ ಹೊಲಿದು ಕೊಡುತ್ತಾರೆ, ಸಾಮಾನೆಲ್ಲ ನೀವೇ ತಂದುಕೊಡಬೇಕು. ಅದಕ್ಕೆ ಸಿಎಂಟಿ ಎನ್ನುತ್ತಾರೆ. ಇನ್ನು ಕೆಲವರು ಬಟ್ಟೆಯಿಂದ ಹಿಡಿದು ಕವರಿನವರೆಗೆ ಎಲ್ಲ ತಾವೇ ತಂದು ಪೂರ್ತಿ ರೇಟ್ ಹೇಳುತ್ತಾರೆ. ಈ ಕಾಲಂ ಖಾಲಿ ಬಿಟ್ಟರೆ ‘ನೀವು ತರುತ್ತೀರಿ ಅಂದುಕೊಂಡಿದ್ವಿ’ ಎಂಬ ಫೋನ್ ಹೊಲಿಗೆ ಶುರುವಾಗುವ ದಿನ ಬರುತ್ತದೆ.

ಅಳತೆ ಪುಟ: ಇಲ್ಲಿ ನಿಧಾನ ಮಾಡಿ

ಟೆಕ್ ಪ್ಯಾಕ್‌ನ ಅರ್ಧ ಸಮಯ ಈ ಪುಟಕ್ಕೇ ಕೊಡಿ. ಪ್ರತಿ ಅಳತೆಗೆ ಮೂರು ವಿಷಯ ಬೇಕು. ಎಲ್ಲಿಂದ ಎಲ್ಲಿಗೆ, ಎಷ್ಟು, ಎಷ್ಟರವರೆಗೆ ಹೆಚ್ಚುಕಮ್ಮಿ ಆಗಬಹುದು. ಚಿತ್ರದ ಮೇಲೆ ಎ, ಬಿ, ಸಿ ಎಂದು ಬಾಣ ಹಾಕಿ, ಅದೇ ಅಕ್ಷರವನ್ನು ಪಟ್ಟಿಯಲ್ಲೂ ಬರೆಯಿರಿ. ಬಟ್ಟೆಯನ್ನು ಸಮತಟ್ಟಾದ ಮೇಜಿನ ಮೇಲೆ ಎಳೆಯದೆ ಹರವಿ, ಗುಂಡಿ ಹಾಕಿ ಅಳೆಯಬೇಕು. ನನ್ನ ಅಂಗಿಯ ‘ಎಂ’ ಸೈಜಿನ ಪಟ್ಟಿಯ ಒಂದು ಭಾಗ ಹೀಗಿದೆ:

ಎ. ಉದ್ದ, ಭುಜದ ಹೊಲಿಗೆ ಕಾಲರಿಗೆ ಸೇರುವ ಬಿಂದುವಿನಿಂದ ನೇರ ಕೆಳಗಿನ ಅಂಚಿಗೆ: 70 ಸೆಂ.ಮೀ., ಹೆಚ್ಚುಕಮ್ಮಿ 0.7
ಬಿ. ಎದೆ, ಕಂಕುಳ ಹೊಲಿಗೆಯಿಂದ 2.5 ಸೆಂ.ಮೀ. ಕೆಳಗೆ, ಪಕ್ಕದಿಂದ ಪಕ್ಕಕ್ಕೆ, ಅರ್ಧ ಅಳತೆ: 54, ಹೆಚ್ಚುಕಮ್ಮಿ 1
ಸಿ. ಭುಜ, ತೋಳಿನ ಹೊಲಿಗೆಯಿಂದ ತೋಳಿನ ಹೊಲಿಗೆಗೆ, ಹಿಂದಿನಿಂದ: 46, ಹೆಚ್ಚುಕಮ್ಮಿ 0.5
ಡಿ. ತೋಳಿನ ಉದ್ದ, ಭುಜದ ಹೊಲಿಗೆಯಿಂದ ಅಂಚಿಗೆ: 23, ಹೆಚ್ಚುಕಮ್ಮಿ 0.5
ಇ. ಕಾಲರ್ ತುದಿಯ ಉದ್ದ: 7.5, ಹೆಚ್ಚುಕಮ್ಮಿ 0.3
ಎಫ್. ಜೇಬು, ಅಗಲ 12, ಎತ್ತರ 13.5, ಹೆಚ್ಚುಕಮ್ಮಿ 0.3
ಜಿ. ಜೇಬಿನ ಮೇಲಂಚು, ಭುಜ ಕಾಲರಿಗೆ ಸೇರುವ ಬಿಂದುವಿನಿಂದ ಕೆಳಗೆ: 21, ಹೆಚ್ಚುಕಮ್ಮಿ 0.5

ಪೂರ್ತಿ ಪಟ್ಟಿಯಲ್ಲಿ ಇಂಥ ಸಾಲು 18 ಇವೆ. ಎದೆಯ ಮುಂದೆ ‘ಅರ್ಧ ಅಳತೆ’ ಎಂದು ಬರೆದಿದ್ದು ಗಮನಿಸಿ. ಹರವಿ ಅಳೆದಾಗ 54, ಸುತ್ತಳತೆ 108. ಒಂದು ಕಡೆ ಅರ್ಧ, ಇನ್ನೊಂದು ಕಡೆ ಪೂರ್ತಿ ಬರೆದು ಬೆರೆಸಿದರೆ ದೊಡ್ಡ ಅನಾಹುತ.

ಸೆಂಟಿಮೀಟರೋ ಇಂಚೋ? ಯಾವುದಾದರೂ ಒಂದು. ನಿಮ್ಮ ಘಟಕದವರ ಕೈ ಇಂಚಿಗೆ ಒಗ್ಗಿದ್ದರೆ ಪೂರ್ತಿ ಇಂಚಿನಲ್ಲೇ ಬರೆಯಿರಿ. ಆದರೆ ಇಂಚಿನಲ್ಲಿ ಚುಕ್ಕೆ ಹಾಕಬೇಡಿ. ನೀವು 22.4 ಎಂದು ಬರೆದರೆ, ಕೆಲವು ಹಳೇ ಕೈಗಳು ಅದನ್ನು 22 ಇಂಚು 4 ನೂಲು ಅಂತ ಓದುತ್ತವೆ. ಎಂಟು ನೂಲಿಗೆ ಒಂದು ಇಂಚು. ಅಂದರೆ ಇಪ್ಪತ್ತೆರಡೂವರೆ ಆಯಿತು. ಭಿನ್ನದಲ್ಲಿ, ‘22 ½’ ಥರವೇ ಬರೆಯಿರಿ.

ಹೆಚ್ಚುಕಮ್ಮಿಯನ್ನು ಕಾರ್ಖಾನೆಯವರು ಟಾಲರೆನ್ಸ್ ಎನ್ನುತ್ತಾರೆ. ಹೊಸಬರು ಇದನ್ನು ಸೊನ್ನೆ ಇಡಲು ನೋಡುತ್ತಾರೆ. ಬಟ್ಟೆ ಅಂದರೆ ಕಬ್ಬಿಣ ಅಲ್ಲ, ಸೊನ್ನೆ ಆಗುವುದಿಲ್ಲ. ಹಾಗಂತ ಧಾರಾಳವಾಗಿಯೂ ಇಡಬೇಡಿ. ನನ್ನ ಅಂಗಿಯಲ್ಲಿ ಎಸ್ ಎದೆ 51.5, ಎಂ 54. ಹೆಚ್ಚುಕಮ್ಮಿ 1.5 ಅಂತ ಇಟ್ಟಿದ್ದರೆ, ದೊಡ್ಡ ಎಸ್ 53 ಆಗುತ್ತಿತ್ತು, ಚಿಕ್ಕ ಎಂ 52.5. ಎಸ್ ಅಂಗಿ ಎಂಗಿಂತ ದೊಡ್ಡದು! ಅದೂ ಪಾಸಾದ ಅಂಗಿಗಳೇ. ಎರಡು ಸೈಜಿನ ನಡುವಿನ ಅಂತರದ ಅರ್ಧಕ್ಕಿಂತ ಟಾಲರೆನ್ಸ್ ಕಮ್ಮಿ ಇರಬೇಕು ಎಂದು ನೆನಪಿಟ್ಟುಕೊಂಡರೆ ಸಾಕು.

ಉಳಿದ ಸೈಜುಗಳನ್ನು ಎಂನಿಂದ ಹೆಚ್ಚಿಸುತ್ತಾ, ಇಳಿಸುತ್ತಾ ಹೋಗುವುದು ಗ್ರೇಡಿಂಗ್. ನಾನು ಎದೆಗೆ ಅರ್ಧ ಅಳತೆಯಲ್ಲಿ 2.5, ಉದ್ದಕ್ಕೆ 1.5, ಭುಜಕ್ಕೆ 1.2 ಇಟ್ಟಿದ್ದೇನೆ. ಎಲ್ಲವನ್ನೂ ಹೆಚ್ಚಿಸಬಾರದು. ಕಾಲರ್ ತುದಿ, ಗುಂಡಿ ಪಟ್ಟಿಯ ಅಗಲ, ಎಂಬ್ರಾಯ್ಡರಿ ಎಲ್ಲ ಸೈಜಿಗೂ ಒಂದೇ. ಜೇಬನ್ನೂ ನಾನು ಒಂದೇ ಇಟ್ಟೆ. ಮೊದಲ ಬ್ಯಾಚಿಗೆ ಎಸ್‌ನಿಂದ ಎಕ್ಸ್‌ಎಲ್ ತನಕ ನಾಲ್ಕು ಸೈಜ್ ಸಾಕು.

ಹೊಲಿಗೆಗೂ ನಂಬರ್ ಇದೆ

ಹೊಲಿಗೆಯ ಹೆಸರು ಊರಿಗೊಂದು. ನಂಬರ್ ಮಾತ್ರ ಎಲ್ಲ ಕಡೆ ಒಂದೇ, ಐಎಸ್‌ಒ 4915 ಪ್ರಕಾರ. ಮನೆ ಮೆಷಿನ್ ಹಾಕುವ ಮಾಮೂಲಿ ಲಾಕ್‌ಸ್ಟಿಚ್ 301. ಚೈನ್ ಹೊಲಿಗೆ 401. ಮೂರು ದಾರದ ಓವರ್‌ಲಾಕ್ 504, ನಾಲ್ಕು ದಾರದ್ದು 514. ಓವರ್‌ಲಾಕ್ ಜೊತೆ ಚೈನ್ ಸೇರಿದ ಐದು ದಾರದ್ದನ್ನು ಕಾರ್ಖಾನೆಗಳಲ್ಲಿ 516 ಎನ್ನುತ್ತಾರೆ. ಟೀ ಶರ್ಟಿನ ಕೆಳಗಂಚಿನಲ್ಲಿ ಮೇಲೆ ಎರಡು ಗೆರೆ ಕಾಣುವುದು 406. ತಮಿಳು ಮಾತಾಡುವ ತಿರುಪ್ಪೂರಿನ ಮಾಸ್ಟರ್‌ಗೂ ಹಿಂದಿ ಮಾತಾಡುವ ಸೂಪರ್‌ವೈಸರ್‌ಗೂ ಈ ನಂಬರ್ ಅರ್ಥವಾಗುತ್ತದೆ.

ನಮ್ಮ ಅಂಗಿಗೆ ಕಾಲರ್, ಗುಂಡಿ ಪಟ್ಟಿ, ಜೇಬು 301. ಪಕ್ಕ ಮತ್ತು ತೋಳು 516. ಆ ಮೆಷಿನ್ ಇಲ್ಲದ ಸಣ್ಣ ಘಟಕವಾದರೆ 301 ಹಾಕಿ 504ರಲ್ಲಿ ಅಂಚು ಮುಗಿಸಲಿ. ಇಂಚಿಗೆ 12 ಹೊಲಿಗೆ. ಇದನ್ನು ಬರೆಯದೆ ಬಿಟ್ಟರೆ ಬೇಗ ಮುಗಿಯಲಿ ಅಂತ 8ಕ್ಕೆ ಇಳಿಸಬಹುದು. ಕಾಲರ್ ಮೇಲಿನ ಹೊಲಿಗೆ ಅಂಚಿನಿಂದ 0.6 ಸೆಂ.ಮೀ. ಒಳಗೆ. ಕೆಳಗಂಚು ಎರಡು ಮಡಿಕೆ, 1.5 ಸೆಂ.ಮೀ. ಕಾಲರ್ ಒಳಗಿನ ಫ್ಯೂಸಿಂಗ್ ಯಾವುದೆಂದು ಚೂರು ಅಂಟಿಸಿ ಕಳಿಸಿ. ಅದೇ ಸರಿ ಇಲ್ಲದಿದ್ದರೆ ಒಗೆದ ಮೇಲೆ ಕಾಲರಿನಲ್ಲಿ ಗುಳ್ಳೆ ಏಳುತ್ತದೆ.

ಈ ಪುಟ ಮುಗಿದ ಮೇಲೆ ನಾನು ಮಾಡಿದ ಒಂದು ಒಳ್ಳೇ ಕೆಲಸ ಹೇಳುತ್ತೇನೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಜವಳಿಗೆ ಅಂತಲೇ ವಿಶೇಷ ಆರ್ಥಿಕ ವಲಯ ಇದೆ. ಹೊರದೇಶಕ್ಕೆ ಹೋಗುವ ಬೆಡ್‌ಶೀಟ್ ಅಲ್ಲಿ ತಯಾರಾಗುತ್ತವೆ. ಅಂಥ ದೊಡ್ಡ ಫ್ಯಾಕ್ಟರಿಗಳು ನಮ್ಮ 100 ಪೀಸ್ ಆರ್ಡರ್ ಮುಟ್ಟುವುದಿಲ್ಲ, ಬಾಗಿಲು ತಟ್ಟಿ ಬೇಜಾರಾಗಬೇಡಿ. ಆದರೆ ಗಾರ್ಮೆಂಟ್ಸ್‌ಗೆ ಹೋಗಿ ಬಂದ ಕೈಗಳು ನಮ್ಮ ಬೀದಿಗಳಲ್ಲೇ ಇವೆ. ನಮ್ಮ ಮನೆ ಹಿಂದಿನ ಬೀದಿಯಲ್ಲಿ ಹೊಲಿದ ಬಟ್ಟೆ ಪರೀಕ್ಷಿಸುವ ಚೆಕ್ಕರ್ ಆಗಿದ್ದ ಒಬ್ಬ ಹೆಂಗಸಿದ್ದಾರೆ. ಕಾಫಿ ಕೊಟ್ಟು ಟೆಕ್ ಪ್ಯಾಕ್ ಅವರ ಮುಂದಿಟ್ಟೆ. ಹತ್ತು ನಿಮಿಷದಲ್ಲಿ ಒಂಬತ್ತು ಪ್ರಶ್ನೆ ಕೇಳಿದರು. ಮೊದಲನೆಯದು: "ಎಂಬ್ರಾಯ್ಡರಿ ಜೇಬು ಕೂರಿಸುವ ಮೊದಲಾ, ಆಮೇಲಾ?" ಆಮೇಲೆ ಹಾಕಿದರೆ ಜೇಬೇ ಎದೆಗೆ ಹೊಲಿದುಹೋಗುತ್ತದೆ! ನನಗೆ ಹೊಳೆದೇ ಇರಲಿಲ್ಲ.

ಬಣ್ಣ ಮತ್ತು ಹೂವು

ಮೊಬೈಲ್ ಪರದೆಯ ಬಣ್ಣ ತೋರಿಸಿ ‘ಇದೇ ಥರ’ ಅನ್ನಬೇಡಿ. ಎರಡು ಮೊಬೈಲಿನಲ್ಲಿ ಒಂದೇ ಬಣ್ಣ ಕಾಣುವುದಿಲ್ಲ. ಬಟ್ಟೆಯ ಲೋಕದಲ್ಲಿ ಪ್ಯಾಂಟೋನ್ ನಂಬರ್, ಅಂದರೆ ಪ್ಯಾಂಟೋನ್ ಕಂಪನಿ ಪ್ರತಿ ಬಣ್ಣಕ್ಕೂ ಕೊಟ್ಟಿರುವ ನಂಬರ್, ನಡೆಯುತ್ತದೆ. ನಂಬರಿನ ಕೊನೆಯಲ್ಲಿ ಟಿಸಿಎಕ್ಸ್ ಎಂದಿದ್ದರೆ ಅದು ಕಾಟನ್ ಮೇಲಿನ ಬಣ್ಣ. 19-4052 ಟಿಸಿಎಕ್ಸ್ ಅಂದರೆ ಕ್ಲಾಸಿಕ್ ಬ್ಲೂ. ಮೊದಲ ಎರಡು ಅಂಕಿ ಬಣ್ಣ ಎಷ್ಟು ಗಾಢ ಎಂದು ಹೇಳುತ್ತವೆ. 11 ಅಂದರೆ ಬಿಳಿಯ ಹತ್ತಿರ, 19 ಅಂದರೆ ಕಡು.

ಆದರೆ ನನ್ನ ಮಾತು ಕೇಳಿದರೆ, 100 ಅಂಗಿಗೆ ಬಣ್ಣ ಹಾಕಿಸಲು ಹೋಗಬೇಡಿ. ಡೈಯಿಂಗ್‌ನವರು ಕೇಳುವ ಕನಿಷ್ಠ ಪ್ರಮಾಣಕ್ಕೆ ನಿಮ್ಮ ದುಡ್ಡೆಲ್ಲ ಬಟ್ಟೆಯಲ್ಲೇ ಕೂರುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಿದ್ಧ ಬಣ್ಣದ ಥಾನು ಆರಿಸಿ, ಅದರ ಚೂರನ್ನೇ ಟೆಕ್ ಪ್ಯಾಕ್‌ಗೆ ಅಂಟಿಸಿ. ಒಂದೇ ಲಾಟಿನದು ಬೇಕು ಎಂದು ಬರೆಯಿರಿ. ಚೂರನ್ನು ಬಿಸಿಲಿನಲ್ಲೂ ಟ್ಯೂಬ್‌ಲೈಟ್ ಕೆಳಗೂ ನೋಡಿ. ಕೆಲವು ಬಣ್ಣ ಬೆಳಕು ಬದಲಾದ ಕೂಡಲೇ ಬೇರೆಯೇ ಆಗುತ್ತವೆ. ಮುಂದೆ ದೊಡ್ಡ ಆರ್ಡರ್‌ಗೆ ಬಣ್ಣ ಹಾಕಿಸುವಾಗ ಮೊದಲು ಲ್ಯಾಬ್ ಡಿಪ್ ಎಂಬ ಸಣ್ಣ ಮಾದರಿ ತರಿಸಿ, ಸಹಿ ಹಾಕಿದ ಮೇಲೆಯೇ ಮುಂದುವರಿಸಿ.

ಕಾಫಿ ಹೂವಿಗೆ ಒಂದು ಪುಟ ಬೇರೆಯೇ ಬೇಕು. ನಿಜ ಸೈಜಿನ ಚಿತ್ರ: ಅಗಲ 4 ಸೆಂ.ಮೀ., ಎತ್ತರ 3.5. ಜಾಗ: ಜೇಬಿನ ಮೇಲಂಚಿನಿಂದ 5 ಸೆಂ.ಮೀ. ಕೆಳಗೆ ಹೂವಿನ ನಡು, ಎಡಬಲಕ್ಕೆ ಜೇಬಿನ ಮಧ್ಯ. ದಾರದ ಬಣ್ಣದ ನಂಬರ್. ಮೆಷಿನ್ ಓದುವ ಡಿಎಸ್‌ಟಿ ಫೈಲ್. ರೇಟ್ ನಿಂತಿರುವುದು ಬಹುತೇಕ ಹೊಲಿಗೆಯ ಎಣಿಕೆಯ ಮೇಲೆ, ಹಾಗಾಗಿ ತುಂಬಿದ ಎಲೆಗಿಂತ ಗೆರೆ ಎಲೆ ಅಗ್ಗ. ಜೇಬು ಕೂರಿಸುವ ಮೊದಲೇ ಎಂಬ್ರಾಯ್ಡರಿ ಆಗಬೇಕು ಎಂಬುದನ್ನು ನಾನು ದಪ್ಪ ಅಕ್ಷರದಲ್ಲಿ ಬರೆದೆ.

ಲೇಬಲ್, ಪ್ಯಾಕಿಂಗ್

ಬ್ರ್ಯಾಂಡ್ ಲೇಬಲ್ ಹಿಂದಿನ ಕುತ್ತಿಗೆಯ ನಡುವೆ, ಒಗೆಯುವ ಸೂಚನೆಯ ಲೇಬಲ್ ಎಡ ಪಕ್ಕದ ಹೊಲಿಗೆಯಲ್ಲಿ, ಕೆಳಗಂಚಿನಿಂದ 10 ಸೆಂ.ಮೀ. ಮೇಲೆ. ಅದರಲ್ಲಿ ಯಾವ ನಾರು ಎಷ್ಟು ಶೇಕಡಾ ಎಂಬುದು ಮತ್ತು ಒಗೆಯುವ ಗುರುತುಗಳು ಇರಲಿ. ತೊಟ್ಟಿ ಅಂದರೆ ಒಗೆತ, ತ್ರಿಕೋನ ಅಂದರೆ ಬ್ಲೀಚ್, ಚೌಕ ಅಂದರೆ ಒಣಗಿಸುವುದು, ಇಸ್ತ್ರಿಪೆಟ್ಟಿಗೆ, ವೃತ್ತ ಅಂದರೆ ಡ್ರೈ ಕ್ಲೀನ್. ಕವರಿನಲ್ಲಿ ಪ್ಯಾಕ್ ಮಾಡಿ ಮಾರುವ ಬಟ್ಟೆಗೆ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅನ್ವಯಿಸುತ್ತದೆ. ತಯಾರಿಸಿದವರ ಹೆಸರು, ವಿಳಾಸ, ಬಟ್ಟೆಯ ಹೆಸರು, ಎಷ್ಟು ಪೀಸ್, ಸೈಜ್, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗಿರಾಕಿ ದೂರಿಗೆ ಫೋನ್ ಮತ್ತು ಇಮೇಲ್ ಟ್ಯಾಗ್ ಮೇಲೆ ಇರಲಿ.

ಮಲೆನಾಡಿನ ಅಂಚಿನಲ್ಲಿ ಗೋಡೌನ್ ಇಟ್ಟುಕೊಂಡವರಿಗೆ ಒಂದು ಸಾಲು ಜಾಸ್ತಿ. "ಇಸ್ತ್ರಿ ಮಾಡಿ ಪೂರ್ತಿ ಆರಿದ ಮೇಲೆಯೇ ಕವರಿಗೆ ಹಾಕಬೇಕು, ಒಳಗೆ ಸಿಲಿಕಾ ಜೆಲ್ ಇರಬೇಕು." ಬಿಸಿ ಅಂಗಿ ಕವರಿಗೆ ಹೋದರೆ ಆವಿ ಒಳಗೇ ಉಳಿಯುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ಅದು ಬೂಷ್ಟಾಗಲು ಎಷ್ಟು ದಿನ ಬೇಕು ಹೇಳಿ.

ಕಳಿಸಿದ ಮೇಲೆ

ಪಿಡಿಎಫ್ ಮಾಡಿ ಮೂರು ಘಟಕಕ್ಕೆ ಒಂದೇ ಫೈಲ್ ಕಳಿಸಿ. ಈಗ ಅವರು ಹೇಳುವ ರೇಟನ್ನು ಪಕ್ಕಪಕ್ಕ ಇಟ್ಟು ನೋಡಬಹುದು, ಮೂವರೂ ಒಂದೇ ಅಂಗಿಯ ಬಗ್ಗೆ ಮಾತಾಡುತ್ತಿದ್ದಾರೆ. ನೇಯ್ದ ಬಟ್ಟೆಯ ಅಂಗಿಗೆ ಬೆಂಗಳೂರು, ಟೀ ಶರ್ಟಿನಂಥ ನಿಟ್‌ಗೆ ತಿರುಪ್ಪೂರು ಎಂಬುದು ಸಾಮಾನ್ಯ ಲೆಕ್ಕ. ಅತಿ ಕಮ್ಮಿ ರೇಟಿನವರಿಗಿಂತ ಜಾಸ್ತಿ ಪ್ರಶ್ನೆ ಕೇಳಿದವರನ್ನು ನಾನು ನಂಬುತ್ತೇನೆ.

ಆಮೇಲೆ ಸ್ಯಾಂಪಲ್. ಮೊದಲು ಪ್ರೋಟೋ, ರೂಪ ನೋಡಲು. ಆಮೇಲೆ ಫಿಟ್ ಸ್ಯಾಂಪಲ್, ನಿಜವಾದ ಬಟ್ಟೆಯಲ್ಲಿ. ನಂತರ ಎಲ್ಲ ಸೈಜಿನದು ಒಂದೊಂದು. ಕೊನೆಗೆ ಪಿಪಿ (ಪ್ರೀ ಪ್ರೊಡಕ್ಷನ್) ಸ್ಯಾಂಪಲ್, ಅಂದರೆ ಪೂರ್ತಿ ಆರ್ಡರ್ ಹೊಲಿಯುವ ಮೊದಲಿನದು, ಬಟ್ಟೆ, ಗುಂಡಿ, ಲೇಬಲ್ ಎಲ್ಲ ಅಸಲಿ. ಸಣ್ಣ ಬ್ರ್ಯಾಂಡಿಗೆ ನಾಲ್ಕೂ ಸುತ್ತು ಕಷ್ಟ, ದುಡ್ಡೂ ಹೌದು. ಪ್ರೋಟೋ ಊರಿನ ಟೈಲರ್ ಹತ್ತಿರವೇ ಆಗಿದ್ದರೆ ಅದನ್ನು ಬಿಡಬಹುದು. ಪಿಪಿ ಮಾತ್ರ ಬಿಡಬೇಡಿ.

ಸ್ಯಾಂಪಲ್ ಬಂದಾಗ ‘ಚೆನ್ನಾಗಿದೆ, ಆದರೆ ತೋಳು ಸ್ವಲ್ಪ ಗಿಡ್ಡ’ ಅಂತ ವಾಯ್ಸ್ ನೋಟ್ ಕಳಿಸುವ ಆಸೆ ಬರುತ್ತದೆ. ತಡೆಯಿರಿ. ಒಗೆಯಿರಿ, ಒಣಗಿಸಿ, ಅಳತೆ ಪುಟದ ಪಕ್ಕದಲ್ಲೇ ಬಂದ ಅಳತೆ ಬರೆಯಿರಿ. "ಡಿ: ಬೇಕಾದ್ದು 23, ಬಂದದ್ದು 21.8, 23ಕ್ಕೆ ತನ್ನಿ." ತಪ್ಪು ಇರುವ ಜಾಗದ ಫೋಟೋ ಟೇಪ್ ಇಟ್ಟು ತೆಗೆಯಿರಿ. ಸರಿಯಾದ ಪಿಪಿ ಸ್ಯಾಂಪಲ್ ಎರಡು ಮಾಡಿಸಿ, ಎರಡರ ಟ್ಯಾಗ್ ಮೇಲೂ ಇಬ್ಬರೂ ಸಹಿ ಹಾಕಿ, ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ.

ಮಾಲು ಬಂದಾಗ ಎಷ್ಟು ಪರೀಕ್ಷಿಸಬೇಕು ಎಂಬುದನ್ನೂ ಟೆಕ್ ಪ್ಯಾಕ್‌ನಲ್ಲೇ ಬರೆದಿರಬೇಕು. ಎಷ್ಟು ದೋಷದವರೆಗೆ ಮಾಲನ್ನು ಒಪ್ಪಬಹುದು ಎಂದು ಹೇಳುವ ಅಳತೆಗೆ ಎಕ್ಯೂಎಲ್ ಎನ್ನುತ್ತಾರೆ. ಬಟ್ಟೆ ವ್ಯಾಪಾರದಲ್ಲಿ ಎಕ್ಯೂಎಲ್ 2.5 ಎಂಬ ಮಟ್ಟ ಚಾಲ್ತಿಯಲ್ಲಿದೆ. ಅದರ ಸಾಮಾನ್ಯ ಕೋಷ್ಟಕದಂತೆ 100 ಪೀಸಿನ ಲಾಟಿಗೆ 20 ತೆಗೆದು ನೋಡಬೇಕು. 1 ದೋಷ ಸಿಕ್ಕರೆ ಲಾಟ್ ಪಾಸ್, 2 ಸಿಕ್ಕರೆ ಇಲ್ಲ. ದೊಡ್ಡವರಿಗೆ ಅದು ಸರಿ. 100 ಅಂಗಿಯಾದರೆ ಒಂದು ಭಾನುವಾರ ಕೂತು ನೂರನ್ನೂ ನೋಡಿಬಿಡಿ.

ನನ್ನ ಎರಡನೇ ಬ್ಯಾಚನ್ನು ಹಾಗೇ ನೋಡಿದೆ. ಮೂರು ವಾಪಸ್ ಹೋದವು. ಒಂದರಲ್ಲಿ ಜೇಬು 1 ಸೆಂ.ಮೀ. ಕೆಳಗೆ, ಎರಡರಲ್ಲಿ ಕಾಲರ್ ತುದಿ ಒಂದೊಂದು ಉದ್ದ. ಅಳತೆ ಪುಟದಲ್ಲಿ ಇದ್ದದ್ದರಿಂದ ಘಟಕದವರು ಮಾತಿಲ್ಲದೆ ಬದಲಿಸಿ ಕೊಟ್ಟರು. ನಾಲ್ಕನೆಯದೂ ಒಂದಿತ್ತು. ಐದು ಗುಂಡಿಯಲ್ಲಿ ನಾಲ್ಕು ತಿಳಿ ಕಂದು, ಒಂದು ಮಾತ್ರ ಕರಿ ಚಿಪ್ಪು. ಒಂದೇ ಅಂಗಿಯ ಗುಂಡಿಗಳು ಒಂದೇ ಛಾಯೆಯಲ್ಲಿ ಇರಬೇಕು ಎಂದು ನಾನು ಬರೆದಿರಲಿಲ್ಲ. ಆ ಅಂಗಿಯನ್ನು ನಾನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ವರ್ಷನ್ 4ರಲ್ಲಿ ಆ ಸಾಲು ಸೇರಿದೆ.